ಮುರುಗೆವ್ವ ಬಿಚ್ಚದ ಗಂಟು

ನನ್ನ ಅಕ್ಷರ ಚೆನ್ನಾಗಿಲ್ಲ, ಓದುವವರು ಬೇಸರ ಮಾಡಿಕೊಳ್ಳಬಾರದು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಬೇಕಾದ ಮಾತು ಬೇಕಾದಾಗ ಸಿಗುವುದಿಲ್ಲ. ಸಾಲು ತಪ್ಪಿದಾಗಲೆಲ್ಲ ಹೊಸ ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆದಿದ್ದೇನೆ. ಕಣ್ಣಿಂದ ನೋಡಿದ್ದನ್ನು ನೋಡಿದ್ದೆಂದೇ ಬರೆಯುತ್ತೇನೆ, ಊಹಿಸಿದ್ದನ್ನು ಊಹೆ ಎಂದೇ ಬರೆಯುತ್ತೇನೆ.

ಇದು ನನ್ನ ಚಿಗವ್ವ ಮುರುಗೆವ್ವನ ವಿಷಯ. ನಾವಿರುವುದು ವಾಸ್ಕೊದ ಮಂಗೋರ್ ಹಿಲ್‌ನಲ್ಲಿ. ಚಿಗವ್ವ ಕೆಳಗೆ ಪೇಟೆಯಲ್ಲಿ ಕೇಣಿ ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಗೆ ಬರುವುದೆಲ್ಲ ಗಂಡ ಹೆಂಡಿರ ತಕರಾರು, ವಿಚ್ಛೇದನದ ಸೋಡಚೀಟಿ, ಮಕ್ಕಳು ಯಾರ ಹತ್ತಿರ ಇರಬೇಕೆಂಬ ಜಗಳ. ಹಿರಿಯ ಕೇಣಿಯವರಿಗೆ ವಯಸ್ಸಾಗಿದೆ. ಈಗ ಎಲ್ಲ ನೋಡಿಕೊಳ್ಳುವವರು ಅವರ ಮಗಳು. ನಾವು ಅವರನ್ನು ಬಾಯಾರು ಎನ್ನುತ್ತೇವೆ.

ಕಸ ಹೊಡೆಯಲು, ಚಹಾ ಮಾಡಲು ಚಿಗವ್ವನನ್ನು ಇಟ್ಟುಕೊಂಡಿದ್ದರು. ಆದರೆ ಬಂದ ಹೆಂಗಸರನ್ನು ಮೊದಲು ಮಾತಾಡಿಸುವವಳು ಅವಳೇ. ನೀರು ಕೊಟ್ಟು, ಉಂಡಿದ್ದಾರೋ ಇಲ್ಲವೋ ಕೇಳುತ್ತಾಳೆ. ಬಾಗಿಲಿಗೆ ಬೆನ್ನು ಮಾಡಿ ಕೂರಿಸುತ್ತಾಳೆ, ಒಳಗೆ ಬರುವವರನ್ನು ನೋಡಿ ಅವರು ಬೆಚ್ಚಬಾರದೆಂದು. ಅಳು ನಿಲ್ಲದಿದ್ದರೆ ಒಗೆದ ಚಹಾದ ಬಟ್ಟೆಗಳನ್ನು ಮುಂದೆ ಇಟ್ಟು, "ಮಡಚಿ ಕೊಡು ತಂಗಿ, ನನ್ನ ಕೈ ನೋಯಾಕತ್ತಾವು" ಎನ್ನುತ್ತಾಳೆ. ಅವಳ ಕೈ ನೋಯುತ್ತಿರುವುದಿಲ್ಲ. ಮಡಚುತ್ತಾ ಮಡಚುತ್ತಾ ಆ ಹೆಂಗಸು ಮಾತು ಶುರು ಮಾಡುತ್ತಾಳೆ.

ಇನ್ನೊಂದು ಕೆಲಸ ಸೂಟ್‌ಕೇಸ್ ತುಂಬುವುದು. ಬೇರೆಯಾಗುವುದೆಂದು ತೀರ್ಮಾನವಾದ ಮೇಲೆ ಹೆಂಡತಿ ತನ್ನ ಬಟ್ಟೆಬರೆ ತರಲು ಗಂಡನ ಮನೆಗೆ ಹೋಗಬೇಕಾಗುತ್ತದೆ. ಒಬ್ಬಳೇ ಹೋದರೆ ಜಗಳ. ಅದಕ್ಕೆ ಬಾಯಾರು ಚಿಗವ್ವನನ್ನು ಜೊತೆಗೆ ಕಳಿಸುತ್ತಾರೆ. ನನ್ನನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲು ಮನಸ್ಸಿಲ್ಲದೆ ಚಿಗವ್ವ ನನ್ನನ್ನೂ ಕರೆದುಕೊಂಡು ಹೋಗುತ್ತಾಳೆ. ಆ ಮನೆಯವರು ನಮ್ಮ ಕೈಯನ್ನೇ ನೋಡುತ್ತಾ ನಿಂತಿರುತ್ತಾರೆ, ನಮ್ಮ ಕಣ್ಣೂ ಅವರ ಮೇಲೇ ಇರುತ್ತದೆ. ಆದ್ದರಿಂದ ಚಿಗವ್ವ ಪ್ರತಿಯೊಂದು ಸೀರೆಯನ್ನೂ ಎಲ್ಲರೆದುರು ಕೊಡವಿ ತೋರಿಸಿಯೇ ಮಡಚುತ್ತಾಳೆ. ಭಾರದ ಸಾಮಾನು ಸೂಟ್‌ಕೇಸಿನ ಬಿಜಾಗರಿಯ ಕಡೆಗೆ, ಎತ್ತಿ ನಿಲ್ಲಿಸಿದರೆ ಅದು ತಳದಲ್ಲೇ ಇರುತ್ತದೆ. ಕುಪ್ಪಸಗಳು ರೇಷ್ಮೆ ಸೀರೆಯ ಮಡಿಕೆಯೊಳಗೆ. ಸ್ಟೀಲ್ ಲೋಟದ ಹೊಟ್ಟೆಯಲ್ಲಿ ಮಕ್ಕಳ ಕಾಲುಚೀಲ. ಎಲ್ಲಕ್ಕಿಂತ ಮೇಲೆ ಒಂದು ಹಳೆ ಸೀರೆ, ಟವೆಲ್, ಹಣಿಗೆ. ಮೊದಲನೆಯ ರಾತ್ರಿ ಪರರ ಜಾಗದಲ್ಲಿ ಅವಳು ಸೂಟ್‌ಕೇಸನ್ನೆಲ್ಲ ಕೆದಕಿ ಅಳುತ್ತಾ ಕೂರಬಾರದು ಎನ್ನುತ್ತಾಳೆ.

ಕೊನೆಗೆ ಉಡಿ. ಮನೆ ಬಿಟ್ಟು ಹೊರಟ ಹೆಣ್ಣನ್ನು ಬರಿ ಉಡಿಯಲ್ಲಿ ಕಳಿಸಬಾರದೆಂಬುದು ನಮ್ಮ ಕಡೆಯ ಪದ್ಧತಿ. ನಮ್ಮ ಕಡೆಯವರ ಮನೆಯಾದರೆ, ಅಲ್ಲಿನ ಹಿರಿಯ ಹೆಂಗಸಿನ ಕೈಯಿಂದಲೇ ಒಂದು ಕುಪ್ಪಸದ ಖಣದಲ್ಲಿ ಅಕ್ಕಿ, ಅರಿಸಿನ ಕೊಂಬು, ಕೊಬ್ಬರಿ ಬಟ್ಟಲು ಕಟ್ಟಿಸಿ, ಚಿಗವ್ವ ಅದನ್ನು ಸೂಟ್‌ಕೇಸಿನೊಳಗೆ ಆ ಹಳೆ ಸೀರೆಯ ಮೇಲೆ ಇಡಿಸುತ್ತಾಳೆ. ಕೆಲವರು ಬೈಯುತ್ತಾರೆ, ಆದರೆ ಇಡುತ್ತಾರೆ. ಚಿಗವ್ವ ಗಂಡನ ಮನೆ ಬಿಟ್ಟಾಗ ಎರಡು ಸೀರೆಯನ್ನು ಗೊಬ್ಬರದ ಚೀಲದಲ್ಲಿ ತುರುಕಿಕೊಂಡು ಬಂದಳಂತೆ. ಅವಳ ಉಡಿ ಯಾರೂ ತುಂಬಿರಲಿಲ್ಲ.

ಹೋದ ವರ್ಷ, ಎಂದರೆ ತೊಂಬತ್ತೊಂದರಲ್ಲಿ, ಅನ್ನಪೂರ್ಣಾ ಎಂಬವಳ ಸೂಟ್‌ಕೇಸ್ ತುಂಬಲು ಹೋದೆವು. ಅವಳ ಗಂಡ ದಾನಪ್ಪ ಧಾರವಾಡದವನು, ವಾಸ್ಕೊದಲ್ಲಿ ಬಟ್ಟೆ ಅಂಗಡಿ. ಬಂಗಾರದ ತೀರ್ಮಾನ ಕೋರ್ಟಿನಲ್ಲಿ ಆಗಲಿ, ಈಗ ಬಟ್ಟೆ ಪಾತ್ರೆ ಮಾತ್ರ ಎಂದು ರಾಜಿಯಾಗಿತ್ತು. ದಾನಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

"ಕೊಡವು, ಇನ್ನೊಮ್ಮೆ ಕೊಡವು" ಎಂದ.

"ಕೊಡವೀನ್ರಿ ಸಾವಕಾರ್ರ. ಹಿಂಗ ಕೊಡವಿದ್ರ ಸೀರಿ ಬಣ್ಣ ಉದುರತೈತಿ. ನಿಮ್ಮ ಅಂಗಡೀದು ಅದು" ಎಂದಳು ಚಿಗವ್ವ.

ಅವನ ತಾಯಿ ನೀಲವ್ವ ಒಳಗಿನಿಂದ ಉಡಿ ಗಂಟು ಕಟ್ಟಿಕೊಂಡು ಬಂದಳು. ಚಿಗವ್ವ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಒಂದು ಗಳಿಗೆ ಹಾಗೇ ಹಿಡಿದಳು, ಆಮೇಲೆ ಸೀರೆಗಳ ಅಡಿಗೆ ಸರಿಸಿಬಿಟ್ಟಳು. ಅವಳು ಯಾವತ್ತೂ ಉಡಿಯನ್ನು ಅಡಿಗೆ ಇಟ್ಟವಳಲ್ಲ. ಇದನ್ನು ನಾನು ನೋಡಿದೆ. ದಾರಿಯಲ್ಲಿ ಕೇಳಬೇಕೆಂದುಕೊಂಡೆ, ಆದರೆ ಅನ್ನಪೂರ್ಣಾ ಜೊತೆಗೇ ಇದ್ದಳು.

ಅನ್ನಪೂರ್ಣಾಳಿಗೆ ಮಧ್ಯಾಹ್ನ ಹುಬ್ಬಳ್ಳಿ ಬಸ್ಸು. ಅಲ್ಲಿಯವರೆಗೆ ಆಫೀಸಿನ ಒಳಕೋಣೆಯಲ್ಲಿ ಕೂತಿದ್ದಳು. ಅಷ್ಟರಲ್ಲಿ ದಾನಪ್ಪ ಬಂದ, ಹಿಂದೆ ನೀಲವ್ವ.

"ನಮ್ಮವ್ವನ ಕೈಯಾಗಿನ ಬಂಗಾರದ ಪಾಟ್ಲಿ ಒಂದು ಇಲ್ಲ. ಗ್ವಾಡಿ ಮಾಡದಾಗ ತೆಗೆದಿಟ್ಟಿದ್ಲಂತ. ನಿಮ್ಮ ಈ ಹೆಂಗಸು ಬಂದು ಹೋದ ಮ್ಯಾಲೆ ಇಲ್ಲ. ಸೂಟ್‌ಕೇಸ್ ತೆಗಸ್ರಿ. ಸಿಕ್ರ ರಾಜಿ ಇಲ್ಲ ಗೀಜಿ ಇಲ್ಲ, ಇಬ್ಬರ ಮ್ಯಾಲೂ ಪೊಲೀಸ್ ಕಂಪ್ಲೇಂಟ್!"

ನೀಲವ್ವನ ಬಲಗೈಯಲ್ಲಿ ಪಾಟ್ಲಿ ಇತ್ತು, ಎಡಗೈ ಬರಿದಾಗಿತ್ತು. ಅವಳು ಗೋಡೆಯ ಪಕ್ಕ ಕೂತು ನೆಲ ನೋಡುತ್ತಿದ್ದಳು.

ಬಾಯಾರು ಚಿಗವ್ವನನ್ನೇ ದಿಟ್ಟಿಸಿದರು. ಆ ನೋಟದಲ್ಲೂ ಅನುಮಾನವಿತ್ತು. ಅನ್ನಪೂರ್ಣಾಳೂ ಹಾಗೇ ನೋಡಿದಳು. ನಿಜ ಹೇಳಬೇಕೆಂದರೆ ನಾನೂ. ಪಾಟ್ಲಿ ಸಿಕ್ಕರೆ ಚಿಗವ್ವನ ಕೆಲಸ ಹೋಗುತ್ತದೆ, ಮಂಗೋರ್ ಹಿಲ್‌ನಲ್ಲಿ ಕಳ್ಳಿ ಎನಿಸಿಕೊಂಡು ಇರಬೇಕಾಗುತ್ತದೆ ಎಂದು ನನಗೆ ಹೆದರಿಕೆಯಾಯಿತು.

ಸೂಟ್‌ಕೇಸ್ ತೆಗೆದರು. ಸೀರೆ, ಕುಪ್ಪಸ, ಲೋಟ, ಒಂದೊಂದನ್ನೂ ಚಿಗವ್ವ ಮತ್ತೆ ಕೊಡವಿ ತೋರಿಸಿದಳು. ಕೊನೆಗೆ ಉಳಿದದ್ದು ಉಡಿ ಗಂಟು.

"ಉಗಡ್ ಗೊ, ಮುರುಗೆವ್ವ" ಎಂದು ಬಾಯಾರು ಕೊಂಕಣಿಯಲ್ಲಿ ಹೇಳಿ, ಬಿಚ್ಚು ಎಂಬಂತೆ ಗಂಟಿನ ಕಡೆಗೆ ಕೈ ತೋರಿಸಿದರು.

ಚಿಗವ್ವ ಬಿಚ್ಚಲಿಲ್ಲ. "ಉಡಿ ದಾರ್ಯಾಗ ಬಿಚ್ಚೂದಿಲ್ರಿ ಬಾಯಾರ. ಮುಟ್ಟೂ ಊರು ಮುಟ್ಟಿ, ದೇವರ ಮುಂದ ಇಟ್ಟು ಬಿಚ್ಚಬೇಕು."

"ನೋಡ್ರಿ, ನೋಡ್ರಿ! ಅದರಾಗೇ ಐತಿ" ಎಂದು ದಾನಪ್ಪ ಕೈ ಚಾಚಿದ.

ಚಿಗವ್ವ ಗಂಟನ್ನು ಎದೆಗೆ ಒತ್ತಿಕೊಂಡಳು. "ನನ್ನ ಪೊಲೀಸ್ ಠಾಣೆಗೆ ಒಯ್ಯಿರಿ, ಬರ್ತೇನಿ. ಇದನ್ನ ಮಾತ್ರ ನಾ ಬಿಚ್ಚಾಕಿ ಅಲ್ಲ, ನಿಮಗ ಬಿಚ್ಚಾಕ ಬಿಡಾಕಿನೂ ಅಲ್ಲ. ಬಿಚ್ಚಬೇಕಂದ್ರ ಕಟ್ಟಿದವ್ರು ಬಿಚ್ಚಲಿ."

ಆಮೇಲೆ ನೀಲವ್ವ ಗೋಡೆ ಹಿಡಿದುಕೊಂಡು ಎದ್ದಳು. ಚಿಗವ್ವನ ಕೈಯಿಂದ ಗಂಟು ತೆಗೆದುಕೊಂಡಳು. ಬಿಚ್ಚುತ್ತಾಳೆಂದು ಎಲ್ಲರೂ ಕಾಯುತ್ತಿದ್ದರೆ, ಅದನ್ನು ಹಾಗೇ ಅನ್ನಪೂರ್ಣಾಳ ಉಡಿಗೆ ಹಾಕಿದಳು.

"ಪಾಟ್ಲಿ ಇದರಾಗ ಐತಿ. ನಾನೇ ಹಾಕೀನಿ" ಎಂದಳು. "ನಿನ್ನ ತವರಿಗೆ ಹೋಗಿ ಬಿಚ್ಚವ್ವ."

"ಅವ್ವಾ! ತಲಿ ಕೆಟ್ಟೈತೇನ ನಿನಗ? ಮಾಡದಾಗ ಇಟ್ಟಿದ್ದೆ ಅಂದ್ಯಲ್ಲ!"

"ನಿನಗ ಅಂಜಿ ಅಂದೆ. ನಮ್ಮವ್ವ ನನ್ನ ಉಡಿಯೊಳಗ ಹಾಕಿದ್ದದು. ನಿನ್ನ ಅಂಗಡೀದಲ್ಲ, ನಿಮ್ಮಪ್ಪಂದೂ ಅಲ್ಲ. ಈಕಿ ಆರು ವರ್ಷ ನನ್ನ ಕಾಲು ತಿಕ್ಕ್ಯಾಳ. ನೀ ಒಂದಿನ ತಿಕ್ಕೀಯೇನ?"

ತಾಯಿಯ ಸ್ವಂತದ್ದನ್ನು ತಾಯಿ ಯಾರಿಗೆ ಬೇಕಾದರೂ ಕೊಡಬಹುದು, ರಾಜಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಬಾಯಾರು ಹಿಂದಿಯಲ್ಲಿ ಹೇಳಿದರು. ದಾನಪ್ಪ ತಾಯಿಯನ್ನು ಅಲ್ಲೇ ಬಿಟ್ಟು ಹೊರಟುಹೋದ. ಚಿಗವ್ವ ನೀಲವ್ವನಿಗೆ ನೀರು ಕೊಟ್ಟು, "ಉಂಡೀರೇನ್ರಿ?" ಎಂದು ಕೇಳಿದಳು. ಉಂಡಿರಲಿಲ್ಲ. ನಮ್ಮ ಬುತ್ತಿಯಲ್ಲಿದ್ದ ರೊಟ್ಟಿಯನ್ನೇ ಅತ್ತೆ ಸೊಸೆ ಹಂಚಿಕೊಂಡು ತಿಂದರು. ಆಮೇಲೆ ಅನ್ನಪೂರ್ಣಾಳನ್ನು ಬಸ್ಸು ಹತ್ತಿಸಿ, ನೀಲವ್ವನನ್ನು ಮನೆಗೆ ಬಿಟ್ಟೆವು.

ಗುಡ್ಡ ಹತ್ತುವಾಗ ನಾನು ಕೇಳಿದೆ, "ನಿನಗ ಮೊದಲೇ ಗೊತ್ತಿತ್ತೇನ ಚಿಗವ್ವ?"

"ಅಕ್ಕಿ ತೂಕ ಗೊತ್ತಿಲ್ಲೇನ ನನಗ? ಒಳಗ ಬ್ಯಾರೆ ಏನೋ ಐತಿ ಅಂತ ಎತ್ತಿದಾಗೇ ಗೊತ್ತಾತು."

"ಮತ್ತ ಹೇಳಬೇಕಿಲ್ಲ? ನಿನ್ನ ಕಳ್ಳಿ ಅಂದ್ರಲ್ಲ."

"ನಾ ಹೇಳಿದ್ರ ಆ ಮುದುಕೀನ್ನ ಹಿಡದು ಕೊಟ್ಟಂಗ. ಆಕಿ ಅದೇ ಮನ್ಯಾಗ ಬಾಳೇ ಮಾಡಬೇಕು." ಸ್ವಲ್ಪ ದೂರ ಹೋದ ಮೇಲೆ ನನ್ನ ಕಡೆಗೆ ತಿರುಗಿ, "ನೀನೂ ನನ್ನ ಮ್ಯಾಲೆ ಸಂಶೆ ಮಾಡಿದಿ. ಕಣ್ಣ ನೋಡಿದೆ ನಾ. ಚಲೋನೇ ಆತು, ಈ ಕೆಲಸಕ್ಕ ಅಂಥಾ ಕಣ್ಣ ಬೇಕು" ಎಂದು ನಕ್ಕಳು.

ನೀಲವ್ವ ಎದ್ದು ನಿಲ್ಲದಿದ್ದರೆ ಚಿಗವ್ವ ಏನು ಮಾಡುತ್ತಿದ್ದಳು ಎಂದು ನಾನು ಈಗಲೂ ಯೋಚಿಸುತ್ತೇನೆ. ಠಾಣೆಗೆ ಹೋಗುತ್ತಿದ್ದಳು ಎನಿಸುತ್ತದೆ. ಇದು ಊಹೆ.

ನಾಳೆ ಉಸಗಾಂವಿನಲ್ಲಿ ಒಂದು ಸೂಟ್‌ಕೇಸ್ ತುಂಬುವುದಿದೆ. ಆ ಮನೆಯಲ್ಲಿ ಹಿರಿಯ ಹೆಂಗಸರು ಯಾರೂ ಇಲ್ಲವಂತೆ. ಆದ್ದರಿಂದ ನಾನು ಈಗ ಎದ್ದು ನಮ್ಮ ಡಬ್ಬಿಯ ಅಕ್ಕಿಯನ್ನು ಆರಿಸಿ, ಒಂದು ಅರಿಸಿನ ಕೊಂಬಿನ ಜೊತೆಗೆ ಕಟ್ಟಿಡುತ್ತೇನೆ.