ಹೋಸ್ ಬದಲಾಯಿಸುವ ಮುಹೂರ್ತ

ನಮ್ಮ ಮನೆಯ ಜೀಪಿನ ಬಾನೆಟ್ ಎತ್ತಿ ಒಳಗೆ ನೋಡುವಾಗ ನನ್ನ ಮುಖದಲ್ಲಿ ಮೂಡುವ ಗಾಂಭೀರ್ಯವನ್ನು ನೀವೊಮ್ಮೆ ನೋಡಬೇಕು. ಎರಡೂ ಕೈ ಸೊಂಟದ ಮೇಲೆ, ಹುಬ್ಬು ಗಂಟು, ಬಾಯಲ್ಲಿ ಉದ್ದನೆಯ ಒಂದು ‘ಹೂಂ’. ಒಳಗಿರುವುದರಲ್ಲಿ ಯಾವುದು ಏನೆಂದು ಗೊತ್ತಿರಬೇಕೆಂಬ ನಿಯಮವೇನಿಲ್ಲ. ನೋಡಿದ ಮೇಲೆ ಬಾನೆಟ್ಟನ್ನು ನಾಲ್ಕು ಮನೆಗೆ ಕೇಳಿಸುವಂತೆ ಮುಚ್ಚಿದರೆ ತಪಾಸಣೆ ಮುಗಿದ ಹಾಗೆ. ಅಜ್ಜಂಪುರದ ಸುತ್ತಮುತ್ತ ಹಳೆಯ ವಾಹನವಿರುವ ಗಂಡಸರೆಲ್ಲ ಹೀಗೆಯೇ ನೋಡುತ್ತಾರೆ. ಹೆಂಗಸರು ನೋಡುವುದಿಲ್ಲ, ಏಕೆಂದರೆ ಅವರಿಗೆ ಬೇರೆ ಕೆಲಸವಿರುತ್ತದೆ.

ಹಾಗೆ ನೋಡುವಾಗ ಕಣ್ಣಿಗೆ ಮೊದಲು ಬೀಳುವುದು ತೋಳುದ್ದದ ಒಂದು ಕಪ್ಪು ರಬ್ಬರ್ ಕೊಳವೆ. ಎಂಜಿನ್ನಿನಲ್ಲಿ ಕಾದ ನೀರನ್ನು ರೇಡಿಯೇಟರಿಗೆ ತಲುಪಿಸುವುದು ಇದರ ಕೆಲಸ. ತಣ್ಣಗಾದ ನೀರನ್ನು ವಾಪಸು ತರಲು ಕೆಳಗೆ ಇನ್ನೊಂದಿದೆ. ಎರಡಕ್ಕೂ ಹೋಸ್ ಎಂದು ಹೆಸರು. ಒಳಗೆ ಹರಿಯಬೇಕಾದದ್ದು ಕೂಲೆಂಟ್ ಎಂಬ ಬಣ್ಣದ ದ್ರವವಂತೆ. ನಾವು ಬೋರ್‌ವೆಲ್ ನೀರು ಸುರಿಯುತ್ತೇವೆ. ಕಾಸಿದ ಪಾತ್ರೆಯ ತಳದಲ್ಲಿ ಸುಣ್ಣದಂಥ ಪದರ ಬಿಟ್ಟುಹೋಗುವ ಈ ನೀರನ್ನು ಕುಡಿದು ನಾವೇ ಬದುಕಿರುವಾಗ ಎಂಜಿನ್ನಿಗೇನು ಧಾಡಿ ಎಂಬುದು ನಮ್ಮ ವಾದ.

ರಬ್ಬರಿಗೂ ವಯಸ್ಸಾಗುತ್ತದೆ. ಕೆಲವು ಹೋಸುಗಳು ಪೆಡಸಾಗಿ ಸೀಳುತ್ತವೆ, ಕೆಲವು ಮೆತ್ತಗಾಗಿ ಉಬ್ಬುತ್ತವೆ. ಹೊರಗೆ ಮಿರಮಿರ ಮಿಂಚುತ್ತ ಒಳಗೇ ಕೊಳೆಯುವವೂ ಇವೆಯಂತೆ. ಈ ಮೂರನೆಯ ಜಾತಿಗೆ ಮನುಷ್ಯರಲ್ಲಿ ಮುಖಂಡರು ಎನ್ನುತ್ತಾರೆ. ಹಾಗಾದರೆ ಹೋಸನ್ನು ಬದಲಾಯಿಸುವುದು ಯಾವಾಗ? ಒಡೆಯುವ ಮುಂಚೆ ಎಂದು ತಿಳಿದವರು ಹೇಳುತ್ತಾರೆ. ಒಡೆಯುವ ಮುಂಚೆ ಎಂದರೆ ಯಾವತ್ತು? ಕಣದಲ್ಲಿ ರಾಗಿಯ ರಾಶಿಯಿಂದ ಒಂದೊಂದೇ ಕಾಳು ತೆಗೆಯುತ್ತಾ ಹೋದರೆ ಯಾವ ಕಾಳು ತೆಗೆದಾಗ ಅದು ರಾಶಿಯಲ್ಲದೆ ಹೋಗುತ್ತದೆ ಎಂದು ಕೇಳಿ ಹಿಂದಿನ ಕಾಲದ ತಾರ್ಕಿಕರು ತಮ್ಮ ಶಿಷ್ಯರ ತಲೆ ತಿನ್ನುತ್ತಿದ್ದರಂತೆ. ಅವರ ಹತ್ತಿರ ಹಳೆಯ ಜೀಪು ಇರಲಿಲ್ಲ, ಇದ್ದಿದ್ದರೆ ರಾಗಿಯನ್ನು ಅದರ ಪಾಡಿಗೆ ಬಿಟ್ಟಿರುತ್ತಿದ್ದರು.

ನನ್ನ ಕೆಲಸ ಕಡೂರಿನಲ್ಲಿ. ಆದ್ದರಿಂದ ಜೀಪಿನ ವೈದ್ಯನೂ ಕಡೂರಿನವನೇ. ರುದ್ರೇಶಿ ಎಂದು ಹೆಸರು. ಹೋಸಿನ ವಿಷಯದಲ್ಲಿ ಅವನ ಅಭಿಪ್ರಾಯ ಕೇಳಿದೆ. ಕೈಯಲ್ಲಿದ್ದ ಸ್ಪ್ಯಾನರನ್ನು ಆಕಾಶಕ್ಕೆ ತೋರಿಸಿ, “ಹೋಗೋವರ್ಗೂ ಹೋಗ್ತದೆ ಸಾರ್” ಎಂದ. “ನಿಂತ್ಹೋದ್ರೆ?” ಎಂದೆ. “ನಿಂತ್ಹೋದ್ರೆ ನಾನಿಲ್ವಾ? ಫೋನ್ ಮಾಡಿ, ಬತ್ತೀನಿ.” ವೈದ್ಯಶಾಸ್ತ್ರದಲ್ಲಿ ಇಷ್ಟು ನೆಮ್ಮದಿಯ ಮಾತು ಬೇರೆಲ್ಲೂ ಸಿಗುವುದಿಲ್ಲ.

ಅಣ್ಣನ ಸಿದ್ಧಾಂತ ಇನ್ನೂ ಸರಳ. “ನಡೀತಿರೋದ್ನ ಬಿಚ್ಬಾರ್ದು ಕಣೋ.” ತೆಂಗಿನ ತೋಟ ನೋಡಿಕೊಳ್ಳುವ ಅವನು ಪೈಪುಗಳ ಮನುಷ್ಯ. ತೋಟದಲ್ಲಿ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿಸಿಕೊಳ್ಳದ ಪೈಪು ಒಂದೂ ಇಲ್ಲ. ದೂರದಿಂದ ನೋಡಿದರೆ ಯುದ್ಧದಿಂದ ವಾಪಸಾದ ಸೈನಿಕರು ಮಲಗಿರುವಂತೆ ಕಾಣುತ್ತದೆ. ಹೊಸ ಪೈಪು ತರುವುದೆಂದರೆ ಅವನಿಗೆ ಸೋಲು ಒಪ್ಪಿಕೊಂಡಂತೆ. ಪೈಪು ಒಡೆದ ದಿನ ಅವನ ಮುಖದಲ್ಲಿ ಕಾಣುವ ಕಳೆ ಮದುವೆಯ ದಿನವೂ ಇರಲಿಲ್ಲ ಎಂದು ಅತ್ತಿಗೆ ಹೇಳುತ್ತಾರೆ.

ಅತ್ತಿಗೆಯ ವಿಷಯಕ್ಕೆ ಬರಬೇಕು, ಯಾಕೆಂದರೆ ಇದು ಅವರ ವಿಷಯ. ಅತ್ತಿಗೆ ಗಿರಿಜಮ್ಮನವರಿಗೆ ಊರಿನ ಅಕ್ಕನ ಬಳಗದ ಸಭೆ, ದೇವನೂರಿನಲ್ಲಿರುವ ತಂಗಿಯ ಮನೆ, ಮಠದಲ್ಲಿ ನಡೆಯುವ ಕಾರ್ಯಕ್ರಮ, ಹೀಗೆ ಹೋಗಬೇಕಾದ ಜಾಗಗಳು ಹಲವು. ಹೋಗಲು ಬೇಕಾದ ಜೀಪು ಮನೆಯಲ್ಲೇ ಇದೆ. ಆದರೆ ಅದು ಯಾವಾಗ ಹೊರಡಬೇಕೆಂದು ತೀರ್ಮಾನಿಸುವವರು ನಾನು ಮತ್ತು ಅಣ್ಣ. “ನಾಳೆ ನೋಡೋಣ” ಎಂಬುದು ನಮ್ಮಿಬ್ಬರ ಜಂಟಿ ಆದೇಶ. ಇದನ್ನು ವರ್ಷಗಟ್ಟಲೆ ಕೇಳಿದ ಮೇಲೆ, ಮೊಮ್ಮಗುವನ್ನು ಎತ್ತಿ ಆಡಿಸುವ ವಯಸ್ಸಿನಲ್ಲಿ, ಅತ್ತಿಗೆ ಡ್ರೈವಿಂಗ್ ಕಲಿಯುತ್ತೇನೆಂದರು. ಅಣ್ಣ ನಕ್ಕ. ಅವನ ನಗು ನಿಲ್ಲುವಷ್ಟರಲ್ಲಿ ಅವರು ಎಲ್‌ಎಲ್‌ಆರ್ ಮಾಡಿಸಿಕೊಂಡು ಬಂದಿದ್ದರು. ಕಲಿಸಿದವನು ನಾನು. ಎಂದರೆ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದೆ.

ಎಲ್‌ಎಲ್‌ಆರ್ ಅವಧಿ ಮುಗಿಯುವುದರೊಳಗೆ ತರೀಕೆರೆಯಲ್ಲಿ ಪರೀಕ್ಷೆಯ ದಿನ ಸಿಕ್ಕಿತು. ಹಿಂದಿನ ದಿನ ಊಟದ ಹೊತ್ತಿಗೆ ಅಣ್ಣ ತನ್ನ ಷರತ್ತು ಮಂಡಿಸಿದ.

“ನೋಡೇ, ನಾಳೆ ಪಾಸಾದ್ರೆ ಆಯ್ತು. ಆಗ್ದಿದ್ರೆ ಇನ್ನ ಜೀಪಿನ ಸುದ್ದಿ ಎತ್ಬಾರ್ದು.”

“ಎತ್ತಲ್ಲ ಬಿಡಿ. ಪಾಸಾದ್ರೆ?”

“ಆಗು ಮೊದ್ಲು.”

“ಪಾಸಾದ್ರೆ ಎಲ್ಲಿಗೆ, ಯಾಕೆ, ಎಷ್ಟೊತ್ಗೆ ಅಂತ ನೀವು ಕೇಳಂಗಿಲ್ಲ. ಒಪ್ಗೆನಾ?”

ಅಣ್ಣ ಮುದ್ದೆ ಮುರಿಯುತ್ತ ಒಪ್ಪಿದ. ಆಗುವುದಿಲ್ಲವೆಂಬ ಭರವಸೆ ಇದ್ದಾಗ ನಾವೆಲ್ಲ ಬಹಳ ಉದಾರಿಗಳು. ಹಾಗೆ ಆ ಜೀಪು ತರೀಕೆರೆಯನ್ನು ಹೊತ್ತಿಗೆ ಸರಿಯಾಗಿ ಮುಟ್ಟುವುದರ ಮೇಲೆ ಅತ್ತಿಗೆಯ ಮುಂದಿನ ಓಡಾಟವೆಲ್ಲ ನಿಂತಿತು.

ಬೆಳಿಗ್ಗೆ ನಾನು ಬಾನೆಟ್ ಎತ್ತಿ ಎಂದಿನಂತೆ ‘ಹೂಂ’ ಎಂದೆ. ಎಲ್ಲ ಸರಿಯಾಗಿತ್ತು. ಮೇಲಿನ ಹೋಸಿನ ಬುಡದಲ್ಲಿ, ಕ್ಲಿಪ್ಪಿನ ಒತ್ತಿಗೆ, ಎಂದಿನಂತೆ ವಿಭೂತಿ ಇತ್ತು. ನಮ್ಮದು ಶಿವನ ಮನೆತನ. ಆಯುಧಪೂಜೆಯ ದಿನ ಮನೆಯಲ್ಲಿರುವ ಕಬ್ಬಿಣದ್ದಕ್ಕೆಲ್ಲ, ಕುಡುಗೋಲಿನಿಂದ ಹಿಡಿದು ಮಿಕ್ಸಿಯವರೆಗೆ, ವಿಭೂತಿ ಬೀಳುತ್ತದೆ. ಬಿದ್ದದ್ದನ್ನು ಯಾರೂ ಒರೆಸುವುದಿಲ್ಲ, ತಾನಾಗಿ ಹೋದರೆ ಹೋಗಬೇಕು. ಆ ಹೋಸಿನ ಮೇಲಿನ ಬಿಳಿ ಪಟ್ಟೆ ಹೋಗುವ ಮಾತಿರಲಿ, ಹಬ್ಬದಿಂದ ಹಬ್ಬಕ್ಕೆ ದಪ್ಪವಾಗುತ್ತಿತ್ತು. ಅಣ್ಣನ ಭಕ್ತಿ ವಯಸ್ಸಿನ ಜೊತೆ ಹೆಚ್ಚುತ್ತಿದೆ ಎಂದುಕೊಂಡಿದ್ದೆ. ಸರ್ವಿಸಿಗೆ ಬಿಟ್ಟಾಗ ರುದ್ರೇಶಿ ಕೂಡ ಎಂಜಿನ್ನನ್ನೆಲ್ಲ ಒರೆಸಿ, ಅದೊಂದನ್ನು ಬಿಟ್ಟು, ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದ.

ಹೊರಟೆವು. ಅತ್ತಿಗೆ ಸ್ಟೇರಿಂಗಿನಲ್ಲಿ, ನಾನು ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಅಣ್ಣ. ಅವನಿಗೆ ತರೀಕೆರೆಯಲ್ಲಿ ಕೆಲಸವೇನೂ ಇರಲಿಲ್ಲ. ಸೋಲನ್ನು ಕಣ್ಣಾರೆ ನೋಡುವುದೂ ಒಂದು ಕೆಲಸ ಎಂದು ಬಂದಿದ್ದ. ಅರ್ಧ ದಾರಿ ದಾಟಿರಬೇಕು, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು.

ಇಲ್ಲಿ ನನ್ನ ನೆನಪಿನಲ್ಲಿ ಒಂದು ರೈಲ್ವೆ ಗೇಟು ಇದೆ. ಗೇಟು ಹಾಕಿದೆ, ರೈಲು ಕೂಗುತ್ತಿದೆ, ಅದಕ್ಕೆ ಜೊತೆಗೂಡಿದಂತೆ ನಮ್ಮ ಜೀಪೂ ಹೊಗೆಯುಗುಳುತ್ತಿದೆ. ಬಹಳ ಚೆಂದದ ಚಿತ್ರ. ಅತ್ತಿಗೆ ಹೇಳುತ್ತಾರೆ, ಗೇಟೂ ಇರಲಿಲ್ಲ, ರೈಲೂ ಇರಲಿಲ್ಲ, ಈರುಳ್ಳಿ ಹೊಲದ ಪಕ್ಕ ನಿಂತಿದ್ದೆವು ಎಂದು. ಅವರ ಮಾತೇ ನಿಜವಿರಬೇಕು. ನೆನಪು ರುದ್ರೇಶಿಯಂಥದೇ ಮೆಕ್ಯಾನಿಕ್ಕು. ಅಸಲಿ ಭಾಗ ಸಿಗದಿದ್ದರೆ ಇನ್ಯಾವುದೋ ಗಾಡಿಯದನ್ನು ತಂದು ಕೂಡಿಸಿ, ಮೇಲೆ ಬಣ್ಣ ಬಳಿದು ಕೊಡುತ್ತದೆ. ಆ ರೈಲು ಯಾವ ಪ್ರಯಾಣದ್ದೋ ನನಗೆ ಗೊತ್ತಿಲ್ಲ. ಈರುಳ್ಳಿ ಹೊಲವೆಂದೇ ಇಟ್ಟುಕೊಳ್ಳಿ.

ಎಂಜಿನ್ ಆರಿಸಿ ಬಾನೆಟ್ ಎತ್ತಿದೆವು. ಮೇಲಿನ ಹೋಸಿನ ಬುಡ ಉಬ್ಬಿ ಸೀಳಿತ್ತು. ಸರಿಯಾಗಿ ಬಿಳಿ ಪಟ್ಟೆಯ ನಡುವಿನಿಂದ ನೀರು ಚಿಮ್ಮುತ್ತಿತ್ತು.

“ಅಯ್ಯೋ ಶಿವನೇ, ವಿಭೂತಿ ಇಟ್ಟಿರೋ ಜಾಗ್ದಾಗೇ ಒಡೀತಲ್ಲೇ” ಎಂದ ಅಣ್ಣ. ದೇವರ ಮೇಲೆ ಅವನಿಗೆ ಸ್ವಲ್ಪ ಬೇಸರವಾದಂತಿತ್ತು. “ನೀನೇ ಬಳ್ದಿದ್ದಲ್ವಾ?”

“ನಾನ್ಯಾಕೆ ಅಲ್ಲಿಗೆ ಕೈ ಹಾಕ್ಲಿ? ನಾನು ಸ್ಟೇರಿಂಗಿಗೆ ಇಟ್ಟಿದ್ದು. ಇದು ನೀವಲ್ವಾ?”

“ನಾನು ಚಕ್ರಕ್ಕೆ ಇಡೋನು. ಲೇ ಶಿವು, ನೀನೇನೋ?”

ನಾನು ನಂಬರ್ ಪ್ಲೇಟಿಗೆ ಇಡುವವನು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಅತ್ತಿಗೆ ಬಟ್ಟೆ ಸುತ್ತಿದ ಬೆರಳಿನಿಂದ ಆ ಬಿಳಿಯನ್ನು ಕೆರೆದರು. ಅದು ವಿಭೂತಿಯ ಹಾಗೆ ಪುಡಿಯಾಗಲಿಲ್ಲ. ಪಾತ್ರೆಯ ತಳದ ಪದರದಂತೆ ಚಕ್ಕೆಯಾಗಿ ಎದ್ದು ಬಂತು. ಎಷ್ಟೋ ಕಾಲದಿಂದ ಹೋಸು ಜಿನುಗುತ್ತಿತ್ತು, ಜಿನುಗಿದ ಬೋರ್‌ವೆಲ್ ನೀರು ಎಂಜಿನ್ನಿನ ಕಾವಿಗೆ ಆರಿ ಉಪ್ಪಾಗಿ ಕೂತಿತ್ತು. ಅದು ತನ್ನ ಕೈಲಾದಷ್ಟು ಸ್ಪಷ್ಟವಾಗಿ, ಬಿಳಿಯ ಅಕ್ಷರದಲ್ಲಿ ಬರೆದು ಹೇಳಿದಂತೆ, ನಾನು ಸೋರುತ್ತಿದ್ದೇನೆ ಎನ್ನುತ್ತಿತ್ತು. ನಾವು ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಬೇರೆ ಯಾವ ಮತದವರ ಕೈಗೆ ಸಿಕ್ಕಿದ್ದರೂ ಆ ಹೋಸು ಎಂದೋ ಬದಲಾಗಿರುತ್ತಿತ್ತು.

“ನಾನು ದಿನಾ ಬೆಳಿಗ್ಗೆ ಕೈ ಮುಗ್ದು ಹತ್ತಿದ್ದು ಈ ಉಪ್ಪಿಗೇನ್ರೀ!” ಎಂದು ಅತ್ತಿಗೆ ನಕ್ಕರು. ನಗು ಅರ್ಧಕ್ಕೇ ನಿಂತಿತು. ರಸ್ತೆಯ ಆ ತುದಿ ನೋಡಿದರು, ಈ ತುದಿ ನೋಡಿದರು. “ಮಧ್ಯಾಹ್ನದೊಳ್ಗೆ ಟೆಸ್ಟ್ ಮುಗಿಸ್ಬಿಡ್ತಾರಂತೆ ಶಿವು. ಬಸ್ಸಿಗೆ ಹೋದ್ರೆ ಬಸ್ಸನ್ನ ತೋರ್ಸಿ ಲೈಸೆನ್ಸ್ ಕೊಡಿ ಅನ್ನೋಕಾಯ್ತದಾ?”

ನಾನು ರುದ್ರೇಶಿಗೆ ಫೋನ್ ಮಾಡಿದೆ. “ಬತ್ತೀನಿ ಸಾರ್, ಊಟ ಮಾಡ್ಕೊಂಡು” ಎಂದ.

ಅಣ್ಣನನ್ನು ನೋಡಿದೆ. ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ಹೊಲದ ಬದುವಿನ ಮೇಲೆ ಕೂತಿದ್ದರೆ ಸಾಕು, ಷರತ್ತು ಅವನದು, ಜೀಪು ಅವನದು, ‘ನಾಳೆ ನೋಡೋಣ’ ಎಂಬ ಮಾತಿಗೆ ಇನ್ನು ಜೀವನಪೂರ್ತಿ ಎದುರುಮಾತಿಲ್ಲ. ಅದು ಅವನಿಗೂ ಹೊಳೆದಿತ್ತು. ಬದುವಿನ ಮೇಲೆ ಕೂತೂ ಇದ್ದ. ಆದರೆ ಕಣ್ಣು ಮಾತ್ರ ಹೋಸಿನ ಮೇಲೆ. ಎದುರಿಗೆ ಒಂದು ಪೈಪು ಸೋರುತ್ತಿದೆ, ಅದನ್ನು ಯಾರೂ ಮುಟ್ಟುತ್ತಿಲ್ಲ. ಅಣ್ಣ ಒಮ್ಮೆ ಕೆಮ್ಮಿದ. ಅಂಗೈ ಉಜ್ಜಿಕೊಂಡ. ಅತ್ತ ತಿರುಗಿ ಕೂತ, ಮತ್ತೆ ಇತ್ತ ತಿರುಗಿದ. ಹಬೆ ಅಡಗಿ, ಎಂಜಿನ್ ಆರಿ, ಇನ್ನು ಮುಟ್ಟಬಹುದು ಎನ್ನುವಷ್ಟರಲ್ಲಿ ಅವನಿಗೆ ತಡೆಯಲಾಗಲಿಲ್ಲ.

“ಏಯ್, ಸರ್ಕೊಳ್ಳಿ ಅತ್ಲಾಗೆ. ನಿಮ್ಗೇನ್ ಗೊತ್ತಾಯ್ತದೆ ಪೈಪಿನ ವಿಷ್ಯ?”

ಸೊಂಟದ ಚಾಕು ತೆಗೆದ. ಕ್ಲಿಪ್ ಸಡಿಲಿಸಿ, ಉಬ್ಬಿದ ತುದಿಯನ್ನು ತೆಂಗಿನ ಗರಿ ಕಡಿದಷ್ಟು ಸಲೀಸಾಗಿ ಕತ್ತರಿಸಿ ಎಸೆದ. ಉಳಿದದ್ದನ್ನು ಎಳೆದು ಮತ್ತೆ ಕೂರಿಸಿ ಕ್ಲಿಪ್ ಬಿಗಿದ. ಸೀಟಿನಡಿಯಿಂದ ಸೈಕಲ್ ಟ್ಯೂಬಿನ ಪಟ್ಟಿ ಬಂತು. ಹಲ್ಲಿನಿಂದ ಹಿಡಿದೆಳೆದು, ಸುತ್ತಿ, ಗಂಟು ಹಾಕಿ, ಮಗುವಿಗೆ ಕುಲಾವಿ ಕಟ್ಟಿದವನಂತೆ ಹಿಂದೆ ಸರಿದು ನೋಡಿದ. ಮುಖದಲ್ಲಿ ಆ ಕಳೆ. ಜೀಪಿನಲ್ಲಿದ್ದ ಕ್ಯಾನಿನ ನೀರನ್ನು ನನ್ನ ಕೈಲಿ ನಿಧಾನಕ್ಕೆ ಹೊಯ್ಯಿಸಿ, “ನಡೀರಿ, ನಡೀರಿ, ಹೊತ್ತಾಯ್ತು! ಏನೇ ನೋಡ್ತಾ ನಿಂತಿದ್ದೀಯ, ಹತ್ತು!” ಎಂದು ತಾನೇ ಗದರಿದ. ತಾನು ಯಾವ ಪಕ್ಷದವನೆಂಬುದು ಅವನಿಗೆ ಜ್ಞಾಪಕ ಬಂದದ್ದು ತರೀಕೆರೆ ಕಾಣಿಸಿದ ಮೇಲೆ. ಆಗ ಮುಖ ಸಣ್ಣದು ಮಾಡಿಕೊಂಡು ಹಿಂದೆ ಕೂತ.

ಪರೀಕ್ಷೆ ಮಾಡುವ ಅಧಿಕಾರಿ, ‘ದಾರಿಯಲ್ಲಿ ಎಂಜಿನ್ ಬಿಸಿಯಾದರೆ ಏನು ಮಾಡುತ್ತೀರಮ್ಮ’ ಎಂದು ಕೇಳಿದ್ದರೆ ಈ ಪ್ರಬಂಧ ಇನ್ನೂ ಲಕ್ಷಣವಾಗಿರುತ್ತಿತ್ತು. ಅವರು ಕೇಳಲಿಲ್ಲ. ಮೈದಾನದಲ್ಲಿ ಎಂಟು ಹಾಕಿ ಎಂದರು. ಅತ್ತಿಗೆ ಹಾಕಿದರು. ಹಿಂದಕ್ಕೆ ತನ್ನಿ ಎಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುತ್ತಿಗೆ ಹೊರಳಿಸಿ ಹಿಂದೆ ನೋಡುತ್ತ, ಒಂದು ಕಂಬಕ್ಕೂ ತಾಗಿಸದೆ ತಂದರು. ನಾನು ಹೊರಗೆ ನಿಂತು ಕಾಲಲ್ಲಿ ನೆಲ ಒತ್ತುತ್ತಿದ್ದೆ. ಪಕ್ಕದಲ್ಲಿ ಅಣ್ಣನ ತುಟಿ ಅಲುಗುತ್ತಿತ್ತು. ಹೆಂಡತಿ ಪಾಸಾಗಲಿ ಎಂದೋ, ತನ್ನ ಗಂಟು ಬಿಚ್ಚದಿರಲಿ ಎಂದೋ ನಾನು ಕೇಳಲಿಲ್ಲ. ಕೆಲವು ಪ್ರಾರ್ಥನೆಗಳನ್ನು ಬಿಡಿಸಿ ನೋಡಬಾರದು.

ಪಾಸಾದರು.

ಲೈಸೆನ್ಸ್ ಕೈಗೆ ಬಂದ ಮರುದಿನ ಅತ್ತಿಗೆ ಒಬ್ಬರೇ ಜೀಪು ತೆಗೆದುಕೊಂಡು ಹೋಗಿದ್ದು ತಂಗಿಯ ಮನೆಗಲ್ಲ, ಕಡೂರಿಗೆ. ಅಲ್ಲಿ ನಡೆದದ್ದನ್ನು ರುದ್ರೇಶಿಯೇ ನನಗೆ ಹೇಳಿದ. ಎರಡೂ ಹೋಸು ಬದಲಾಯಿಸು ಎಂದರಂತೆ. ಇವನು ಬಾನೆಟ್ ಎತ್ತಿ ಅಣ್ಣನ ಗಂಟನ್ನು ನೋಡಿ, “ಒಳ್ಳೆ ಬಂದೋಬಸ್ತಾಗಿದೆ ಅಮ್ಮ, ಇನ್ನೊಂದ್ವರ್ಷ ಬತ್ತದೆ” ಎಂದನಂತೆ.

“ನಿನ್ನ ಶೆಡ್ಡಾಗೆ ನಿಂತಿದ್ರೆ ಹತ್ತು ವರ್ಷ ಬತ್ತದೆ ಕಣಪ್ಪ. ನಾನು ಊರೂರು ತಿರುಗೋಳು. ಬಿಚ್ಚು.”

“ಬಿಚ್ಚಿಬಿಟ್ಟೆ ಸಾರ್. ಇನ್ನೇನ್ ಮಾಡ್ಲಿ?” ಎಂದ ರುದ್ರೇಶಿ. ಅವನ ಗ್ಯಾರೇಜಿನ ಚರಿತ್ರೆಯಲ್ಲಿ ಒಡೆಯದೆ ಇರುವ ಹೋಸೊಂದು ಬದಲಾದದ್ದು ಅದೇ ಮೊದಲು. ಪಾಪ, ಆ ಆಘಾತದಿಂದ ಅವನಿನ್ನೂ ಚೇತರಿಸಿಕೊಂಡಿರಲಿಲ್ಲ.

ಹೋಸನ್ನು ಯಾವಾಗ ಬದಲಾಯಿಸಬೇಕೆಂದು ನಾನು ಇಷ್ಟುದ್ದ ಯೋಚಿಸಿದ್ದೆಲ್ಲ ಯಾಕೆ ಸಾಧ್ಯವಾಯಿತೆಂದು ಈಗ ಅರ್ಥವಾಗುತ್ತದೆ. ನನಗೆ ಎಲ್ಲಿಗೂ ತುರ್ತಾಗಿ ಹೋಗಬೇಕಿರಲಿಲ್ಲ. ಹೊರಡಲೇಬೇಕಾದವರಿಗೆ ಅದು ತತ್ವಶಾಸ್ತ್ರವಲ್ಲ, ಒಂದು ಬೆಳಗಿನ ಕೆಲಸ.

ಅಭ್ಯಾಸ ಮಾತ್ರ ಬಿಡುವುದಿಲ್ಲ. ಮೊನ್ನೆ ಬೆಳಿಗ್ಗೆ ಅಣ್ಣ ಮತ್ತು ನಾನು ಶೆಡ್ಡಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಬ್ಯಾಟರಿ ಇನ್ನೊಂದು ಮಳೆಗಾಲ ತಡೆಯುತ್ತದೆಯೇ ಎಂದು ವಿಚಾರ ಮಾಡುತ್ತಿದ್ದೆವು. ಶೆಡ್ಡು ಖಾಲಿಯಿತ್ತು. ನೆಲದ ಮೇಲೆ ಎಣ್ಣೆಯ ಕಲೆಯಷ್ಟೇ ಇತ್ತು. ಅದನ್ನೇ ನೋಡಿ ಅಣ್ಣ ‘ಹೂಂ’ ಎಂದ. ಸ್ವಲ್ಪ ಹೊತ್ತಿನ ಮೇಲೆ, ಯಾರಿಗೂ ಕೇಳಿಸಬಾರದೆಂಬಂತೆ, “ಎಷ್ಟೊತ್ಗೆ ಬತ್ತಾಳಂತೋ?” ಎಂದ.

“ಹೇಳಿಲ್ಲ.”

“ಎಲ್ಲಿಗೋದ್ಲು?”

ನಾನು ಅವನ ಮುಖ ನೋಡಿದೆ. ಕೇಳಂಗಿಲ್ಲ ಎಂಬ ಮಾತಿಗೆ ಮುದ್ದೆಯ ಮುಂದೆ ಕೂತು ಒಪ್ಪಿದವನು ಅವನೇ. ಅಣ್ಣ, ಸೋರುವ ಪೈಪು ಯಾವುದಾದರೂ ಸಿಕ್ಕೀತೆಂದು ತೋಟದ ಕಡೆ ನಡೆದ.