ಹೊರನಾಡಿನ ದಾರಿಯಲ್ಲಿ ಬೈಸಿಕೊಂಡ ದಿನ

ಅನ್ನಪೂರ್ಣೇಶ್ವರಿ ಅಮ್ಮನನ್ನು ನಂಬಿದ ನಿಮ್ಮೆಲ್ಲರಿಗೂ ಬಾಳೂರು ಕಡೆಯ ಈ ಹೆಂಗಸಿನ ನಮಸ್ಕಾರ. ನನ್ನ ಕಷ್ಟ ಶುರುವಾದದ್ದು ಹೋದ ವರ್ಷ ದೀಪಾವಳಿ ಕಳೆದ ವಾರ. ಬೆಳಿಗ್ಗೆ ತೋಟಕ್ಕೆ ಹೊರಟ ನಮ್ಮ ಯಜಮಾನರು ಮೆಟ್ಟಿಲ ಮೇಲೆಯೇ ಎದೆ ಹಿಡಿದುಕೊಂಡು ಕುಳಿತರು. ಜೀಪಿನಲ್ಲಿ ಮಲಗಿಸಿ, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ. ಆಪರೇಷನ್ ಆಯಿತು, ಜೀವ ಉಳಿಯಿತು.

ಆದರೆ ಮನೆಗೆ ಬಂದವರು ಬೇರೆ ಯಾರೋ ಆಗಿದ್ದರು. ಹಿಂದೆ ಅವರು ಒಂದು ಕೂಗು ಹಾಕಿದರೆ ಕಾಫಿ ಕಣದಲ್ಲಿದ್ದವರೆಲ್ಲ ಎದ್ದು ನಿಲ್ಲುತ್ತಿದ್ದರು. ಈಗ "ಹೂಂ" ಮತ್ತು "ಬೇಡ" ಬಿಟ್ಟರೆ ಮಾತೇ ಇಲ್ಲ. ಬಡಿಸಿದ ಅನ್ನ ತಟ್ಟೆಯಲ್ಲೇ ಆರಿ ಹೋಗುತ್ತಿತ್ತು. ಕಡುಬು ಎಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ ಕಡುಬು ಕಂಡು ಮುಖ ತಿರುಗಿಸಿದ ದಿನ ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ತಪಾಸಣೆಗೆ ಹೋದಾಗ ಡಾಕ್ಟರು, "ಹಾರ್ಟ್ ಚೆನ್ನಾಗಿದೆಯಮ್ಮ. ಓಡಾಡಬಹುದು, ಗಾಡಿ ಕೂಡ ಓಡಿಸಬಹುದು. ಆದರೆ ಹೀಗೆ ಊಟ ಬಿಟ್ಟರೆ ನಮ್ಮ ಔಷಧಿ ಏನು ಮಾಡೀತು?" ಎಂದರು. ಯಜಮಾನರ ಷರಟುಗಳೆಲ್ಲ ಬೇರೆಯವರದ್ದನ್ನು ಹಾಕಿಕೊಂಡ ಹಾಗೆ ಜೋತಾಡುತ್ತಿದ್ದವು.

ಹೊರನಾಡಿನ ಅನ್ನಪೂರ್ಣೇಶ್ವರಿಗೆ ದಿನವೂ ದೀಪ ಹಚ್ಚಿ ಒಂದೇ ಮಾತು ಕೇಳುತ್ತಿದ್ದೆ. "ಊರಿಗೆಲ್ಲ ಅನ್ನ ಹಾಕುವವಳು ನೀನು. ಇವರ ಬಾಯಲ್ಲಿ ಒಂದು ಸಲ 'ಇನ್ನೂ ಹಾಕು' ಅನ್ನಿಸು ತಾಯಿ." ತಿಂಗಳುಗಳು ಕಳೆದರೂ ಏನೂ ಬದಲಾಗಲಿಲ್ಲ. ಒಂದು ಸಂಜೆ ತಡೆಯಲಾರದೆ ದೇವರ ಪಟದ ಮುಂದೆ ನಿಂತು ಜೋರು ಜೋರಾಗಿ ಜಗಳವನ್ನೂ ಆಡಿದೆ. ಅದು ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ತಾಯಿಯ ಹತ್ತಿರವಲ್ಲದೆ ಇನ್ಯಾರ ಹತ್ತಿರ ಜಗಳ ಆಡಲಿ?

ಕೊಯ್ಲು ಮುಗಿದು ಎಲ್ಲರೂ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಿದ್ದಾಗ, ಮೂಡಿಗೆರೆಯಲ್ಲಿ ಗ್ಯಾರೇಜ್ ಇಟ್ಟಿರುವ ಇಬ್ರಾಹಿಂ ಸಾಹೇಬರು ಮನೆಗೆ ಬಂದರು. ಪ್ರಾಯದಲ್ಲಿ ಅವರೂ ನಮ್ಮ ಯಜಮಾನರೂ ಒಟ್ಟಿಗೆ ಕಾರು ರ‍್ಯಾಲಿಗಳಿಗೆ ಹೋಗುತ್ತಿದ್ದ ಜೋಡಿ.

"ಅಕ್ಕಾ, ಮೈಸೂರಿಂದ ಕಾರವಾರದ ತನಕ ಹಳೇ ಕಾರುಗಳ ರ‍್ಯಾಲಿ ಉಂಟು. ಈ ಸಲ ನಮ್ ರಸ್ತೆ ಮೇಲೇ ಹೋಗ್ತದೆ. ಕಳಸ, ಹೊರನಾಡು, ಹಾಗೇ ಕುದುರೆಮುಖ ಇಳಿಯೋದು. ಗೌಡ್ರ ಅಂಬಾಸಿಡರ್ ಶೆಡ್ಡಲ್ಲಿ ಸುಮ್ನೆ ನಿಂತಿದ್ಯಲ್ಲ, ರೆಡಿ ಮಾಡ್ಕೊಡ್ತೀನಿ, ಹೊರಡಿ."

ಯಜಮಾನರು "ಬೇಡ" ಎಂದರು. ನನಗೆ ಹೊರನಾಡು ಎಂಬ ಹೆಸರು ಕಿವಿಗೆ ಬಿದ್ದದ್ದೇ ಸಾಕಾಗಿತ್ತು. "ಹೊರನಾಡಿನ ತನಕ ಆದ್ರೂ ಹೋಗಣ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ, ನಾನು ಓಡಿಸ್ತೀನಿ" ಎಂದೆ. ವಾದ ಮಾಡುವ ಹುರುಪೂ ಇಲ್ಲದ ಅವರು "ಹೂಂ" ಎಂದರು.

ನಮ್ಮ ಗೇಟಿನ ಹತ್ತಿರವೇ ಸಾಲಿಗೆ ಸೇರಿಕೊಳ್ಳಲು ರ‍್ಯಾಲಿಯವರು ಒಪ್ಪಿದರು. ದೇವಸ್ಥಾನಕ್ಕೆ ಹೋಗುವ ಗಾಡಿ ಬೋಳು ಮೂತಿಯಲ್ಲಿ ಹೋಗುವುದು ಹೇಗೆ? ಆ ದಿನ ಬೆಳಿಗ್ಗೆ ಆಯುಧಪೂಜೆಗೂ ಮಾಡದಷ್ಟು ಅಲಂಕಾರ ಮಾಡಿದೆ. ಸೇವಂತಿಗೆಯ ದಪ್ಪ ಹಾರಗಳನ್ನು ಒಂದರ ಮೇಲೊಂದು ಕಟ್ಟಿ, ಸಂದಿಗಳಿಗೆಲ್ಲ ಮಾವಿನ ಸೊಪ್ಪು ಸಿಕ್ಕಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ. ಯಜಮಾನರು ತಲೆ ಎತ್ತಿ ನೋಡಲೂ ಇಲ್ಲ. ಬಂದು ಕೂತರು, ಅಷ್ಟೆ.

ಮುಂದೆ ಹಿಂದೆ ಬಣ್ಣಬಣ್ಣದ ಹಳೆಯ ಕಾರುಗಳು. ಹೇಳಿದ ಹೊತ್ತಿಗೆ ತಲುಪಿದರೆ ಸಾಕು, ಯಾರಿಗೂ ಅವಸರವಿಲ್ಲ. ತೋಟದ ಕೆಲಸದವರು ರಸ್ತೆಗೆ ಬಂದು ಕೈ ಬೀಸುತ್ತಿದ್ದರೆ, ಕಾರಿನವರೂ ನೆಂಟರ ಮನೆಗೆ ಬಂದವರಂತೆ ಕೈ ಬೀಸುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಯಜಮಾನರು ಮಾತ್ರ ಮಡಿಲು ನೋಡಿಕೊಂಡು ಕೂತಿದ್ದರು.

ಏರು ಶುರುವಾಗಿ ಸ್ವಲ್ಪ ಹೊತ್ತಿಗೆ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಪಕ್ಕಕ್ಕೆ ನಿಲ್ಲಿಸಿದೆ. ಅಮ್ಮ ತನ್ನ ಬಾಗಿಲ ತನಕವೂ ಬರಗೊಡಲಿಲ್ಲವಲ್ಲ ಎಂದು ಎದೆ ಒಡೆದು ಹೋಯಿತು. ಸ್ಟೀರಿಂಗಿಗೆ ಹಣೆ ಹಚ್ಚಿ ಅಳತೊಡಗಿದೆ.

ಪಕ್ಕದ ಬಾಗಿಲು ತೆರೆದ ಸದ್ದಾಯಿತು. ಆಮೇಲೆ, ತಿಂಗಳುಗಟ್ಟಲೆ ಕೇಳದ ಆ ದನಿ!

"ಯಾರೇ ಮಾರಾಯ್ತಿ ಇದು ಮಾಡಿದ್ದು? ರೇಡಿಯೇಟರಿಗೆ ಗಾಳಿ ಹೋಗೋ ಜಾಗಕ್ಕೇ ಹೂ ತುರುಕಿದ್ಯಲ್ಲೇ! ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ! ಗಾಡಿ ಕುದೀದೆ ಇನ್ನೇನಾಗ್ತದೆ?"

ಗುಡ್ಡ ಅದುರುವ ಹಾಗೆ ಬೈದರು. ನಾನು ಕೆಳಗಿಳಿದು ನಿಂತು, ಅಳುತ್ತಲೇ ನಗುತ್ತಾ, ಕೈ ಮುಗಿದು ಬೈಸಿಕೊಂಡೆ. ಮದುವೆಯಾದ ಮೇಲೆ ಅವರ ಬೈಗುಳ ನನಗೆ ಅಷ್ಟು ಸಿಹಿಯಾದದ್ದು ಅದೇ ಮೊದಲು.

ಹಿಂದಿನ ಕಾರುಗಳು ಒಂದೊಂದಾಗಿ ನಿಂತವು. ತಡವಾದರೆ ಅಂಕ ಹೋಗುತ್ತದೆ ಎಂದು ಗೊತ್ತಿದ್ದೂ ಒಬ್ಬರೂ ಮುಂದೆ ಹೋಗಲಿಲ್ಲ. ಹುಬ್ಬಳ್ಳಿಯ ದಂಪತಿ ನೀರಿನ ಕ್ಯಾನ್ ತಂದರು. ನಮಗಿಂತ ಮುಂದೆ ಹೋಗಿದ್ದ ಇಬ್ರಾಹಿಂ ಸಾಹೇಬರು ತಮ್ಮ ಹಳೆಯ ಜೀಪು ತಿರುಗಿಸಿಕೊಂಡು ಬಂದರು.

"ಏನ್ ಗೌಡ್ರೇ, ಗಂಟ್ಲು ಬಂತಾ?"

"ಇವ್ಳು ಬರಿಸಿದ್ಲು ಮಾರಾಯ!"

"ನಿಮಗೆಲ್ಲ ನನ್ನಿಂದ ತಡ ಆಯ್ತಲ್ಲ ಸಾಹೇಬ್ರೇ" ಎಂದೆ. "ಗೆಲ್ಲೋದು ಬಿಡಿ ಅಕ್ಕ. ಹೊರಟವರು ಎಲ್ಲಾ ಊರು ಸೇರ್ಬೇಕು, ರ‍್ಯಾಲಿ ಅಂದ್ರೆ ಅದೇ" ಎಂದರು. ಹಾರಗಳನ್ನು ಕಿತ್ತು ತೆಗೆದು, ಇಂಜಿನ್ ತಣಿಯುವವರೆಗೂ ಅಷ್ಟೂ ಜನ ರಸ್ತೆ ಬದಿಯಲ್ಲಿ ಕೂತು ಹರಟಿದರು. ನಡುವೆ ಕೂತು ಹಳೆಯ ಕಥೆ ಹೇಳುತ್ತಿದ್ದವರು ನಮ್ಮ ಯಜಮಾನರು. ಹೊರಡುವಾಗ ಅವರು ನನ್ನನ್ನು "ಆಚೆ ಸರಿ" ಎಂದು ಸರಿಸಿ ತಾವೇ ಸ್ಟೀರಿಂಗ್ ಹಿಡಿದರು.

ಹೊರನಾಡಿನಲ್ಲಿ ದರ್ಶನ ಮುಗಿಸಿ, ರ‍್ಯಾಲಿಯವರೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತೆವು. ನಾನು ಯಜಮಾನರ ಕಡೆ ನೋಡಲು ಹೆದರಿ ತಲೆ ತಗ್ಗಿಸಿದ್ದೆ. ಬಡಿಸುವವರು ನಮ್ಮನ್ನು ದಾಟಿ ಮುಂದೆ ಹೋದರು. ಆಗ ಪಕ್ಕದಿಂದ ಕೇಳಿತು: "ಸ್ವಾಮೀ, ಇಲ್ಲಿ ಇನ್ನೂ ಸ್ವಲ್ಪ ಅನ್ನ ಹಾಕಿ. ಹಾಗೇ ಸಾರೂ ಬರ್ಲಿ."

ನನ್ನ ಕಣ್ಣೀರು ಅನ್ನದ ಮೇಲೆ ಬಿತ್ತು. "ಉಣ್ಣೇ, ಅಳ್ಬೇಡ. ಕಾರವಾರ ಇನ್ನೂ ದೂರ ಉಂಟು" ಎಂದರು ಅವರು.

ಕಾರವಾರದ ತನಕ ಹೋಗಿ ಬಂದೆವು. ಈಗ ನನಗೆ ದಿನಕ್ಕೊಂದು ಬೈಗುಳವಾದರೂ ಇದ್ದೇ ಇದೆ, ಷರಟಿನ ಗುಂಡಿಗಳೂ ಬಿಗಿಯಾಗಿವೆ. ಇದು ಅಮ್ಮನ ಕೃಪೆಯೇ ಹೊರತು ನನ್ನ ಜಾಣತನವಲ್ಲ, ನನ್ನ ಜಾಣತನ ಏನು ಮಾಡಿತೆಂದು ನೀವು ಓದಿದಿರಲ್ಲ! ನಿಮ್ಮ ಮನೆಯಲ್ಲೂ ಊಟ ಬಿಟ್ಟು ಮಂಕಾಗಿ ಕೂತವರಿದ್ದರೆ, ಹೇಗಾದರೂ ಮಾಡಿ ಹೊರಡಿಸಿಕೊಂಡು ಬನ್ನಿ. ಅವಳ ಪಂಕ್ತಿಯಲ್ಲಿ ಕೂರಿಸಿ. ಮುಂದಿನದು ಅವಳಿಗೆ ಗೊತ್ತು.