ಓಂಕಾರಪ್ಪನವರ ಬರಿಗಾಲು

ಕಾರು ಹತ್ತುವ ಮೊದಲು ಓಂಕಾರಪ್ಪ ಚಪ್ಪಲಿ ಬಿಡುತ್ತಿದ್ದರು. ಬಿಟ್ಟ ಜೋಡನ್ನು ಹಳೇ ಪೇಪರಿನಲ್ಲಿ ಸುತ್ತಿ ಸೀಟಿನ ಕೆಳಗೆ ತಳ್ಳಿ, ಎರಡೂ ಪಾದಗಳನ್ನು ಕಾರಿನ ನೆಲಕ್ಕೆ ಒತ್ತಿ, ಕಣ್ಣು ಮುಚ್ಚಿ, "ಹೂಂ, ಬಿಡಿ" ಎನ್ನುತ್ತಿದ್ದರು. ಮೆಕ್ಯಾನಿಕ್ ಹತ್ತಿರ ಬಂದಿದ್ದೀನೋ, ಶಾಸ್ತ್ರ ಹೇಳುವವರ ಹತ್ತಿರ ಬಂದಿದ್ದೀನೋ ಎಂದು ಮೊದಲ ಸಲ ನನಗೆ ನಗುವೇ ಬಂದಿತ್ತು.

ತರೀಕೆರೆಯ ಹಳೇ ರಸ್ತೆಯ ಪಕ್ಕದಲ್ಲಿ ಅವರ ಶೆಡ್ಡು. ನಾನು ಅಜ್ಜಂಪುರದಲ್ಲಿ ಪಶುವೈದ್ಯೆ. ವಾರವೆಲ್ಲ ಎರೆಮಣ್ಣಿನ ಹಳ್ಳಿದಾರಿಯಲ್ಲಿ ಓಡಾಡಿ, ಶನಿವಾರ ಹೆದ್ದಾರಿ ಹಿಡಿದು ಶಿವಮೊಗ್ಗದ ಮನೆಗೆ ಹೋಗುವವಳು. ಹಳೇ ರಸ್ತೆಯಲ್ಲಿ ಕಾರು ಅರವತ್ತು ದಾಟಿದ್ದರೆ ತಾನೇ ಅದರ ಬಣ್ಣ ಬಯಲಾಗುವುದು? ರಸ್ತೆ ಅಗಲವಾದ ಮೇಲೆ ನನ್ನ ಕಾರು ಎಂಬತ್ತು ಮುಟ್ಟಿದ ಕೂಡಲೇ ಚಳಿಜ್ವರ ಬಂದಂತೆ ನಡುಗತೊಡಗಿತು. ದೊಡ್ಡ ವರ್ಕ್‌ಶಾಪೊಂದರಲ್ಲಿ ಎರಡು ಸಲ ಚಕ್ರಗಳನ್ನು ಮೆಷಿನ್ನಿಗೆ ಹಾಕಿ, ತೂಕ ಸರಿದೂಗಿಸಲು ಸೀಸದ ತುಂಡು ಅಂಟಿಸಿ ಕಳಿಸಿದರು. ವಾರದೊಳಗೆ ಮತ್ತೆ ಅದೇ ನಡುಕ.

ಕೊನೆಗೆ ಈ ಶೆಡ್ಡಿಗೆ ತಂದಾಗ ಓಂಕಾರಪ್ಪ ಮೊದಲು ರೇಡಿಯೋ ಬಂದ್ ಮಾಡಿಸಿದರು. ಬೀರೂರಿನ ಕಡೆಗೆ ಹೊರಟು ಎಂಬತ್ತಕ್ಕೆ ಬಂದಾಗ, "ಸ್ಟೇರಿಂಗ್ ಅದುರ್ತೈತಾ, ಸೀಟು ಅದುರ್ತೈತಾ?" ಎಂದರು.

"ಸೀಟು."

"ಹಂಗಾದ್ರೆ ಹಿಂದಿನ ಚಕ್ರ. ಎಕ್ಸಲೇಟ್ರು ಬಿಡಿ. ನಿಲ್ಲಲಿಲ್ಲ, ಇಂಜಿನ್ನಿನ ಕಡೇದಲ್ಲ. ಬ್ರೇಕು ಒತ್ತಿ. ಜಾಸ್ತಿ ಆಗ್ಲಿಲ್ಲ, ಬ್ರೇಕಿಂದೂ ಅಲ್ಲ. ಬಲಗಾಲಿಗೆ ಜೋರಾಗಿ ಹೊಡೀತೈತೆ. ಹಿಂದ್ಲು ಬಲಗಡೇದು, ಡಾಕ್ಟ್ರಮ್ಮ."

ಶೆಡ್ಡಿಗೆ ಮರಳಿ ಆ ಚಕ್ರ ಬಿಚ್ಚಿ ಒಳಗೆ ಕೈಯಾಡಿಸಿದರು. ರಿಮ್ಮಿನ ಒಳಮೈಗೆ ಅಜ್ಜಂಪುರದ ಎರೆಮಣ್ಣು ಒಣಗಿ ಇಟ್ಟಿಗೆಯಾಗಿ ಕೂತಿತ್ತು. ಅವರು ತೊಡೆ ತಟ್ಟಿಕೊಂಡು ನಕ್ಕರು. "ಮಣ್ಣನ್ನೂ ಸೇರಿಸಿ ತೂಕ ಹಾಕವ್ರೆ ಕಣ್ರೀ! ಮಣ್ಣು ಉದುರ್ದಂಗೆಲ್ಲ ತೂಕ ತಪ್ಪೈತೆ." ಮಣ್ಣು ಕೆರೆದು, ಮತ್ತೆ ತೂಕ ಮಾಡಿಸಿದ ಮೇಲೆ ನೂರರಲ್ಲೂ ಕಾರು ಮೆಲುಕು ಹಾಕುವ ಹಸುವಿನ ಹಾಗೆ ಸಮಾಧಾನವಾಗಿತ್ತು. ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ದನಗಳ ಹೊಟ್ಟೆಗೆ ಕಿವಿಗೊಟ್ಟವಳು ನಾನು. ಅಂಗಾಲಿಗೂ ಕಿವಿ ಇರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ನಿಮ್ಮ ಹಸೂನೂ ಬಾಯಿ ಬಿಡಲ್ಲ, ನನ್ನ ಗಾಡೀನೂ ಬಾಯಿ ಬಿಡಲ್ಲ. ನಾವು ಸುಮ್ನಾದ್ರೆ ಅವೇ ಹೇಳ್ತಾವೆ. ನೀವೂ ಒಂದ್ಸಲ ಶೂ ಬಿಚ್ಚಿ ನೋಡಿ" ಎಂದರು. ಅಂದಿನಿಂದ ಹೆದ್ದಾರಿಯಲ್ಲಿ ನಾನೂ ಬರಿಗಾಲಿನವಳೇ ಆದೆ. ನೂರರವರೆಗೆ ತಾವೇ ಕೂತು ನೋಡದೆ ಅವರು ಯಾವ ಕಾರನ್ನೂ "ಸರಿ ಐತೆ" ಎಂದು ಒಪ್ಪಿಸುತ್ತಿರಲಿಲ್ಲ. ಕಡೂರಿನ ಟ್ಯಾಕ್ಸಿಯವರು ಆ ಎರಡು ಮಾತಿಗಾಗಿಯೇ ಅಲ್ಲಿಂದ ಬರುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವರ ಪಾದದ ಮೇಲೊಂದು ಸುಟ್ಟ ಗಾಯ ಕಂಡೆ. "ಸೈಲೆನ್ಸರ್ ತಗಲಿರ್ಬೇಕು. ಗೊತ್ತೇ ಆಗ್ಲಿಲ್ಲ" ಎಂದರು. ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳಿದೆ. "ಐತೆ, ಹತ್ತು ವರ್ಷ ಆಯ್ತು." ಕೂಡಲೇ ಆಸ್ಪತ್ರೆಗೆ ಹೋಗಿ ಎಂದು ಗದರಿದೆ. "ನೀವು ದನ ನೋಡಿ, ಡಾಕ್ಟ್ರಮ್ಮ" ಎಂದು ನಕ್ಕುಬಿಟ್ಟರು.

ಅದಾಗಿ ತಿಂಗಳಿಗೆ ಸಿಂಗಟಗೆರೆಯ ಹತ್ತಿರ ನನ್ನ ಕಾರು ದೊಡ್ಡ ಗುಂಡಿಗೆ ಬಿತ್ತು. ಶನಿವಾರ ಮನೆಗೆ ಹೊರಟವಳು ಒಂದು ಸಲ ತೋರಿಸೋಣ ಎಂದು ಅವರನ್ನು ಕೂರಿಸಿಕೊಂಡೆ. ಚಪ್ಪಲಿ ಸುತ್ತಿಟ್ಟು, ಪಾದ ಒತ್ತಿ, ಕಣ್ಣು ಮುಚ್ಚಿದರು. ಎಂಬತ್ತು, ತೊಂಬತ್ತು, ನೂರು.

"ಸರಿ ಐತೆ. ಆರಾಮಾಗಿ ಹೋಗಿ."

ನನ್ನ ಎಡ ಅಂಗಾಲಿನಲ್ಲಿ ಸಣ್ಣಗೆ ಏನೋ ಮಿಡಿಯುತ್ತಿತ್ತು. ಹೇಳಿದರೆ ಅವರ ಮಾತು ಬಿದ್ದುಹೋಗುತ್ತದೆ. ಹೇಳದಿದ್ದರೆ ಅವರ ಮಾತು ನಂಬಿ ನಾಳೆ ಇನ್ಯಾರೋ ಹೋಗುತ್ತಾರೆ.

"ಓಂಕಾರಣ್ಣ, ನನ್ನ ಕಾಲಿಗೆ ಗೊತ್ತಾಗ್ತಿದೆ."

ಅವರು ಕಣ್ಣು ತೆರೆದು ನನ್ನ ಪಾದ ನೋಡಿದರು, ತಮ್ಮದನ್ನೂ ನೋಡಿಕೊಂಡರು. ಆಮೇಲೆ ಬಗ್ಗಿ ಅಂಗೈಯನ್ನು ಕಾರಿನ ನೆಲಕ್ಕೆ ಒತ್ತಿದರು. "ನಿಧಾನ ಮಾಡಮ್ಮ. ಮೆಲ್ಲಗೆ ಪಕ್ಕಕ್ಕೆ ತಗೋ. ಮುಂದ್ಲು ಎಡಗಡೆ ಟೈರು."

ಟೈರಿನ ಒಳಬದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಶಿವಮೊಗ್ಗ ಮುಟ್ಟುವ ಮೊದಲೇ ಸಿಡಿಯುವಂಥದ್ದು. ನಡುಮಧ್ಯಾಹ್ನದ ಡಾಂಬರಿನ ಮೇಲೆ ನನ್ನ ಬರಿಗಾಲು ಚುರ್ರೆಂದಿತು, ನಾನು ಹುಲ್ಲಿನ ಕಡೆಗೆ ಓಡಿದೆ. ಓಂಕಾರಪ್ಪ ಬರಿಗಾಲಲ್ಲಿ ಅಲ್ಲೇ ನಿಂತೇ ಇದ್ದರು. ನಾನು ಕೈ ಹಿಡಿದು ಎಳೆದ ಮೇಲೆಯೇ ಅವರಿಗೆ ತಿಳಿದದ್ದು.

ಸ್ಟೆಪ್ನಿ ಹಾಕಿ ಮುಗಿಸಿ ಬಂದು ಕೂತರು. "ನಾನು ಸರಿ ಐತೆ ಅಂದ್ಬಿಟ್ಟಿದ್ದೆ. ನೀನು ಹೇಳಿದ್ದು ಒಳ್ಳೇದಾಯ್ತು ಕಣಮ್ಮ. ಇನ್ಮೇಲೆ ಯಾರ ಗಾಡಿಗೂ ನಾನು ಆ ಮಾತು ಹೇಳಲ್ಲ."

ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು, ನಾವು ಜೊತೆಯಾಗಿ ಕಾರಿನಲ್ಲಿ ಕೂತದ್ದು ಅದೇ ಕೊನೆ. ಈಗ ಆ ಶೆಡ್ಡಿಗೆ ಬೀಗ ಬಿದ್ದಿದೆ. ಅಂದು ನಾನು ಕಾರು ತಿರುಗಿಸಿ ತರೀಕೆರೆಯ ಕಡೆಗೆ ಹೊರಟೆ. ಓಂಕಾರಪ್ಪ ಸೀಟಿನ ಕೆಳಗಿನ ಪೊಟ್ಟಣ ಎಳೆದುಕೊಂಡು, ಪೇಪರು ಬಿಚ್ಚಿ, ಓಡುವ ಕಾರಿನಲ್ಲೇ ಚಪ್ಪಲಿ ಹಾಕಿಕೊಂಡರು.